ಅಕ್ರಿಲಿಕ್ ಹಾಳೆಗೆ ಅಂಟಿಸಿದ ಫೋಟೊ ಬಾಳಿಕೆ ಬರಬೇಕಾದರೆ

ಫೋಟೊದ ಮುಖವನ್ನೇ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ಕಾದ ಅಕ್ರಿಲಿಕ್‌ಗೆ ಅಂಟಿಸಿದಾಗ ನಡುವೆ ಗಾಳಿ ಉಳಿಯುವುದಿಲ್ಲ, ಬೆಳಕು ಚದುರುವುದಿಲ್ಲ. ಅದಕ್ಕೇ ಕಪ್ಪು ಕಡುಗಪ್ಪಾಗಿ, ಬಣ್ಣ ತುಂಬಿಕೊಂಡು ಕಾಣುತ್ತದೆ. ಆದರೆ ಒಮ್ಮೆ ಅಂಟಿಸಿದ ಪ್ರಿಂಟನ್ನು ಕೆಡಿಸದೆ ಬಿಡಿಸಲು ಆಗುವುದಿಲ್ಲ. ನೆಗೆಟಿವ್ ಇಲ್ಲದ ಅಜ್ಜಿಯ ಭಾವಚಿತ್ರ, ಒಂದೇ ಪ್ರತಿ ಉಳಿದಿರುವ ಮದುವೆ ಫೋಟೊ, ಇಂಥವನ್ನು ದಯವಿಟ್ಟು ಅಂಟಿಸಬೇಡಿ. ಸ್ಕ್ಯಾನ್ ಮಾಡಿಸಿ ಹೊಸ ಪ್ರಿಂಟ್ ತೆಗೆಸಿ, ಅದನ್ನು ಅಂಟಿಸಿ.

ಬಾಳಿಕೆಯ ಲೆಕ್ಕವೆಲ್ಲ ಇರುವುದು ಹಿಗ್ಗು–ಕುಗ್ಗುವಿಕೆಯಲ್ಲಿ. ಬಿಸಿ 20 ಡಿಗ್ರಿ ಏರಿದರೆ 1 ಮೀಟರ್ ಅಕ್ರಿಲಿಕ್ ಸುಮಾರು 1.4 ಮಿ.ಮೀ. ಹಿಗ್ಗುತ್ತದೆ, ಅದರ ಬೆನ್ನಿಗಿರುವ ಎಸಿಪಿ ಶೀಟ್ (ಎರಡು ತೆಳು ಅಲ್ಯುಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ಇರುವ ಹಲಗೆ) ಹೆಚ್ಚುಕಡಿಮೆ 0.5 ಮಿ.ಮೀ. ಮಾತ್ರ. ಉಳಿದ ಎಳೆತವನ್ನೆಲ್ಲ ಅಂಟು ತಾಳಿಕೊಳ್ಳಬೇಕು, ಅದೂ ಮುಖ್ಯವಾಗಿ ಅಂಚು ಮತ್ತು ಮೂಲೆಗಳಲ್ಲಿ. ಸಾಲದ್ದಕ್ಕೆ ಅಕ್ರಿಲಿಕ್ ಗಾಳಿಯ ತೇವವನ್ನೂ ಹೀರಿ ಉಬ್ಬುತ್ತದೆ. ಹೀಗಾಗಿ ಗಟ್ಟಿಯಾಗಿ ಒಣಗುವ ಅಂಟು ಇಲ್ಲಿ ಸಲ್ಲದು. ಮೆತ್ತಗೆ ಜಗ್ಗುವ ಅಂಟೇ ಬೇಕು. 1960ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಹೈನ್ಸ್ ಸೋವಿಲ್ಲಾ ರೂಪಿಸಿದ ಡಯಾಸೆಕ್ ಎಂಬ ಅಂಟಿಸುವ ವಿಧಾನದಲ್ಲಿ ಸಿಲಿಕೋನ್ ಬಳಸುವುದರ ಗುಣವೂ ಇದೇ. ಹಾಗೆಂದು ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಟ್ಯೂಬ್ ತಂದು ಹಚ್ಚಬೇಡಿ. ಅದು ಒಣಗಲು ಗಾಳಿಯ ತೇವ ಬೇಕು. ಎರಡು ಹಾಳೆಗಳ ನಡುವೆ ಸಿಕ್ಕಿಕೊಂಡರೆ ಅಂಚು ಮಾತ್ರ ಗಟ್ಟಿಯಾಗಿ ಮಧ್ಯಭಾಗ ಹಸಿಯಾಗೇ ಉಳಿಯುತ್ತದೆ. ಸಣ್ಣ ಸ್ಟುಡಿಯೊಗೆ ಸರಿಹೊಂದುವುದು ಪೂರ್ಣ ಪಾರದರ್ಶಕವಾದ ಎರಡು ಬದಿಯ ಅಂಟುಫಿಲ್ಮ್.

ಹಾಳೆ ಕೊಳ್ಳುವಾಗ ‘ಕಾಸ್ಟ್ ಅಕ್ರಿಲಿಕ್’ (ಅಚ್ಚಿನಲ್ಲಿ ಎರೆದ ಹಾಳೆ) ಎಂದೇ ಕೇಳಿ. ಎಕ್ಸ್‌ಟ್ರೂಡೆಡ್ (ಯಂತ್ರದಿಂದ ಒತ್ತಿ ಹೊರತೆಗೆದ) ಹಾಳೆ ಅಗ್ಗ, ಆದರೆ ಅದರೊಳಗೆ ಒತ್ತಡ ಉಳಿದಿರುತ್ತದೆ. ಸ್ಪಿರಿಟ್ ತಾಗಿದರೆ ಕತ್ತರಿಸಿದ ಅಂಚಿನಿಂದ ಕೂದಲೆಳೆಯಂಥ ಬಿರುಕು ಏಳುತ್ತದೆ. 12×18 ಇಂಚಿಗೆ 3 ಮಿ.ಮೀ. ಸಾಕು, 24×36ಕ್ಕೆ 5 ಮಿ.ಮೀ. ಇರಲಿ.

ಪ್ರಿಂಟ್ ಗ್ಲಾಸಿ ಕಾಗದದ ಮೇಲೇ ಇರಲಿ, ನಾಲ್ಕೂ ಬದಿಗೆ 10 ಮಿ.ಮೀ. ಹೆಚ್ಚುವರಿ ಜಾಗ ಬಿಡಿ. ಮ್ಯಾಟ್ (ಹೊಳಪಿಲ್ಲದ) ಅಥವಾ ಲಸ್ಟರ್ (ಅರೆಹೊಳಪಿನ) ಮೇಲ್ಮೈಯ ಸಣ್ಣ ತಗ್ಗುಗಳಲ್ಲಿ ಗಾಳಿ ಕೂತುಬಿಡುತ್ತದೆ. ಕಪ್ಪು ಭಾಗದ ಮೇಲೆ ಬೆಳ್ಳಿಪುಡಿ ಉದುರಿದಂತೆ ಕಾಣುವ ಮಿನುಗು ಅದೇ. ಎಷ್ಟು ಒತ್ತಿದರೂ ಪೂರ್ತಿ ಹೋಗದು. ಇಂಕ್‌ಜೆಟ್ ಪ್ರಿಂಟಾದರೆ ಕನಿಷ್ಠ 24 ಗಂಟೆ, ಮಳೆಗಾಲದಲ್ಲಿ 48 ಗಂಟೆ ಒಣಗಲಿ. ಮೇಲೆ ಬಿಳಿ ಕಾಗದ ಹೊದಿಸಿಟ್ಟು, ಮಧ್ಯೆ ಒಮ್ಮೆ ಬದಲಿಸಿ. ಮುಟ್ಟಿದರೆ ಒಣಗಿದೆ ಎನಿಸಿದರೂ ಶಾಯಿಯ ದ್ರಾವಕ ಒಳಗೆ ಉಳಿದಿರುತ್ತದೆ. ಅವಸರ ಮಾಡಿದರೆ ಅದು ಹೊರಬರಲು ದಾರಿಯಿಲ್ಲದೆ ಕೆಲವು ವಾರಗಳ ನಂತರ ಗುಳ್ಳೆಯಾಗಿ ಏಳುತ್ತದೆ. ಅಂಟಿಸಿದ ದಿನ ಚೆನ್ನಾಗಿದ್ದು ಆಮೇಲೆ ಕೆಡುವ ಕೆಲಸಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಕೆಲಸಕ್ಕೆ ಮುನ್ನ ಕೋಣೆಯ ನೆಲ ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನ್ ಆರಿಸಿ, ಅರ್ಧ ಗಂಟೆ ಬಿಡಿ. ಉಣ್ಣೆ ಬಟ್ಟೆ ಬೇಡ. ಅಂಟುಫಿಲ್ಮನ್ನು ಮೊದಲು ಪ್ರಿಂಟಿನ ಮುಖಕ್ಕೆ ರೋಲರ್ ಲ್ಯಾಮಿನೇಟರಿನಲ್ಲಿ ಹಾಯಿಸಿ. ಅಕ್ರಿಲಿಕ್‌ನ ರಕ್ಷಣಾ ಹಾಳೆಯನ್ನು ಕೊನೆಯ ಗಳಿಗೆಯಲ್ಲಿ, ನಿಧಾನವಾಗಿ ಸುಲಿಯಿರಿ. ಸರ್ರನೆ ಎಳೆದರೆ ಸ್ಥಾಯೀ ವಿದ್ಯುತ್ ಹುಟ್ಟಿ ಕೋಣೆಯ ಧೂಳನ್ನೆಲ್ಲ ಸೆಳೆಯುತ್ತದೆ. ಆಂಟಿಸ್ಟ್ಯಾಟಿಕ್ ಬ್ರಷ್ ಆಡಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಈಗ ಕಂಡ ಕಣವನ್ನು ತೆಗೆಯಬಹುದು, ಅಂಟಿದ ಮೇಲೆ ಆಗದು.

ಲೈನರನ್ನು (ಅಂಟುಫಿಲ್ಮಿನ ಮೇಲಿನ ಸುಲಿಯುವ ಹೊದಿಕೆ) ಒಂದು ತುದಿಯಲ್ಲಿ 2–3 ಸೆಂ.ಮೀ. ಮಾತ್ರ ಸುಲಿದು, ಆ ಅಂಚನ್ನು ಅಕ್ರಿಲಿಕ್ ಮೇಲೆ ನೇರವಾಗಿ ಕೂರಿಸಿ. ಉಳಿದ ಪ್ರಿಂಟನ್ನು ರೋಲರಿನ ಮೇಲೆ ಮಗುಚಿ ಹಿಡಿದು, ಲೈನರ್ ಬಿಡಿಸುತ್ತಾ ಒಂದೇ ವೇಗದಲ್ಲಿ ಸಾಗಿಸಿ. ನಡುವೆ ನಿಲ್ಲಿಸಿದರೆ ಅಡ್ಡಗೆರೆ ಉಳಿಯುತ್ತದೆ. ಸ್ಕ್ವೀಜಿ (ಒತ್ತಿ ಸವರುವ ಪಟ್ಟಿ) ಹಿಡಿದು ಕೈಯಲ್ಲೇ ಮಾಡುವುದು 12×18 ಇಂಚಿನ ತನಕ ಸರಿ; ಅದಕ್ಕಿಂತ ದೊಡ್ಡದಕ್ಕೆ ಕೈಯ ಒತ್ತಡ ಎಲ್ಲೆಡೆ ಸಮನಾಗಿ ಬೀಳುವುದಿಲ್ಲ. ಅಂಟು ಪೂರ್ತಿ ಹಿಡಿಯಲು ಒಂದೆರಡು ದಿನ ಮಟ್ಟಸವಾದ ಜಾಗದಲ್ಲಿ ಮಲಗಿಸಿಡಿ.

ಬೆನ್ನಿಗೆ 3 ಮಿ.ಮೀ. ಎಸಿಪಿ ಶೀಟನ್ನು ಆಮ್ಲರಹಿತ ಅಂಟುಫಿಲ್ಮಿನಿಂದ ಕೂರಿಸಿ. ಇದನ್ನು ಬಿಟ್ಟರೆ ಕಾಗದದ ಬೆನ್ನು ತೇವಕ್ಕೆ ತೆರೆದೇ ಇರುತ್ತದೆ. ನಂತರ ಮೂರೂ ಪದರಗಳನ್ನು ಒಟ್ಟಿಗೆ, ಸಣ್ಣ ಹಲ್ಲಿನ ಕಾರ್ಬೈಡ್ ಬ್ಲೇಡಿನ ಟೇಬಲ್ ಗರಗಸದಲ್ಲಿ ಕತ್ತರಿಸಿದರೆ ಅಂಚು ಒಂದೇ ಸಮ ಬರುತ್ತದೆ. ಅದಕ್ಕಾಗಿ ಅಕ್ರಿಲಿಕ್ ಮತ್ತು ಎಸಿಪಿಯನ್ನೂ ಮೊದಲೇ ತುಸು ದೊಡ್ಡದಾಗಿ ತಂದಿರಬೇಕು. ಪ್ರಿಂಟ್ ಕೂದಲೆಳೆಯಷ್ಟು ಹೊರಚಾಚಿದರೂ ಕಾಗದ ದೀಪದ ಬತ್ತಿಯಂತೆ ನೀರು ಎಳೆದುಕೊಳ್ಳುತ್ತದೆ. ಅಂಟಿಸಿದ ಮೇಲೆ ಲೇಸರ್ ಕಟಿಂಗ್ ಮಾಡಿಸಬೇಡಿ, ಬಿಸಿಗೆ ಅಂಚಿನ ಬಣ್ಣ ಕೆಡುತ್ತದೆ. ಅಂಚನ್ನು ನಯಗೊಳಿಸುವಾಗ ಉಪ್ಪುಕಾಗದವನ್ನು ಒಣಗಿದ್ದಂತೆಯೇ ಬಳಸಿ, ನೀರು ಹಚ್ಚಬೇಡಿ.

24×36 ಇಂಚಿನ ಚಿತ್ರ 5 ಕಿಲೊ ದಾಟುತ್ತದೆ. ಅಕ್ರಿಲಿಕ್‌ಗೆ ತೂತು ಕೊರೆದು ಸ್ಕ್ರೂ ಬಿಗಿಯುವ ಬದಲು ಬೆನ್ನಿಗೆ ಅಲ್ಯುಮಿನಿಯಂ ಚೌಕಟ್ಟು ಅಂಟಿಸಿ ನೇತುಹಾಕಿ. ಕೊರೆಯಲೇಬೇಕಾದರೆ ತೂತು ಸ್ಕ್ರೂಗಿಂತ 2 ಮಿ.ಮೀ. ದೊಡ್ಡದಿರಲಿ, ಬಿಗಿಯಾಗಿದ್ದರೆ ಹಿಗ್ಗುವಾಗ ಅಲ್ಲಿಂದಲೇ ಸೀಳು ಬಿಡುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆ ಬಡಿಯುವ ಗೋಡೆಗೆ ಥಂಡಿ ಏರುವುದರಿಂದ ಒಳಗೋಡೆಯೇ ಲೇಸು. ಎಲ್ಲಿ ಹಾಕಿದರೂ ಹಿಂದೆ 10–15 ಮಿ.ಮೀ. ಗಾಳಿಯಾಡಲಿ.

ಯುವಿ (ಅತಿನೇರಳೆ ಕಿರಣ) ತಡೆಯುವ ಅಕ್ರಿಲಿಕ್ ಹಾಕಿದರೂ ಬಿಸಿಲು ಬೀಳುವ ಕಡೆ ಬೇಡ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಮಾಸಿಸುತ್ತದೆ. ಒರೆಸುವಾಗ ಒಣಬಟ್ಟೆಯಿಂದ ಉಜ್ಜಬಾರದು, ಧೂಳೇ ಗೀರುತ್ತದೆ. ಬ್ರಷ್‌ನಿಂದ ಧೂಳು ತೆಗೆದು, ಸೋಪು ಬೆರೆಸಿದ ನೀರಲ್ಲಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಮೃದುವಾಗಿ ಒರೆಸಿ, ಅಂಚಿಗೆ ನೀರು ಇಳಿಯದಿರಲಿ. ಅಮೋನಿಯ ಇರುವ ಗಾಜಿನ ಕ್ಲೀನರ್, ಸ್ಪಿರಿಟ್, ಸ್ಯಾನಿಟೈಸರ್ ಯಾವುದೂ ಬೇಡ.

ಮೊದಲ ಮಳೆಗಾಲ ಕಳೆದ ಮೇಲೆ ನಾಲ್ಕು ಮೂಲೆಗಳಿಗೂ ಟಾರ್ಚ್ ಬಿಟ್ಟು ನೋಡಿ. ಅಂಟು ಬಿಡುವುದು ಬಹುಪಾಲು ಅಲ್ಲಿಂದಲೇ ಶುರು. ಮಂಜು ಕವಿದಂತೆ ಕಂಡರೆ ಚಿತ್ರವನ್ನು ಇನ್ನೂ ಒಣ ಗೋಡೆಗೆ ಸಾಗಿಸಿ. ಬಿಟ್ಟ ಜಾಗಕ್ಕೆ ಸೂಪರ್‌ಗ್ಲೂ ತುಂಬಿದರೆ ಕಲೆ ಇನ್ನಷ್ಟು ಹರಡುತ್ತದೆ.