ಹಳೇ ಕಾಲದ ಕ್ಯಾಂಡಿ ಅಂಗಡಿಗೆ ಹೋದಾಗ ರುಚಿ ನೋಡೋದು ಹೇಗೆ

ಸಾಲಾಗಿ ಗಾಜಿನ ಜಾಡಿ ಇಟ್ಟಿರೋ ಅಂಗಡಿ ಒಳಗೆ ಕಾಲಿಟ್ರೆ ಎಲ್ಲಾ ಬೇಕು ಅನ್ಸುತ್ತೆ, ಆದ್ರೂ ಒಂದೇ ಬಗೆ ಅರ್ಧ ಕೆಜಿ ತುಂಬಿಸ್ಕೋಬೇಡಿ. ಇಂಗ್ಲೆಂಡ್‌ನಲ್ಲಿ ಹಳಬರು 'ಕ್ವಾರ್ಟರ್' ಅಂತ ಕೇಳ್ತಾರೆ, ಅಂದ್ರೆ ಕಾಲು ಪೌಂಡ್, ಹೆಚ್ಚುಕಮ್ಮಿ 113 ಗ್ರಾಂ. ಅಷ್ಟರಲ್ಲೇ ನಾಲ್ಕೈದು ಬಗೆ ಮಿಕ್ಸ್ ಮಾಡಿ ಕೊಡ್ತೀರಾ ಅಂತ ಕೇಳಿ ನೋಡಿ. ಯಾರ್ಕ್‌ಷೈರ್‌ನ ಪೇಟ್ಲಿ ಬ್ರಿಡ್ಜ್‌ನಲ್ಲಿ 1827ರಿಂದ ನಡೀತಿರೋ ಅಂಗಡಿ ಇದೆ, ಪ್ಯಾರಿಸ್‌ನ 'ಆ ಲಾ ಮೇರ್ ದ ಫಾಮಿಯ್' ಅನ್ನೋ ಅಂಗಡಿ ಅಂತೂ 1761ರದ್ದು, ಅಂಥ ಕಡೆ ಹೋದ್ರೆ ಗಡಿಬಿಡಿ ಮಾಡ್ಲೇಬೇಡಿ.

ಮೊದ್ಲು ಜಾಡಿ ನೋಡಿ. ಸಕ್ಕರೆ ಪಾಕನ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ್ರೆ ನೀರೆಲ್ಲಾ ಹೆಚ್ಚುಕಮ್ಮಿ ಹೋಗಿ ಗಾಜಿನ ಥರ ಗಟ್ಟಿಯಾಗುತ್ತೆ, ಆಮೇಲೆ ಅದು ಗಾಳಿಯಲ್ಲಿರೋ ತೇವ ಹೀರ್ತಾನೇ ಇರುತ್ತೆ. ಪೀಸ್‌ಗಳು ಒಂದಕ್ಕೊಂದು ಅಂಟ್ಕೊಂಡಿದ್ರೆ ಬಿಟ್ಬಿಡಿ.

ಸಪ್ಪೆ ರುಚಿಯಿಂದ ಶುರು ಮಾಡಿ, ಅಂದ್ರೆ ಬಾರ್ಲಿ ಶುಗರ್ ಅನ್ನೋ ಗಟ್ಟಿ ಸಕ್ಕರೆ ಕ್ಯಾಂಡಿ. ಆಮೇಲೆ ಫ್ರಾನ್ಸಿನ ಫ್ಲಾವಿನ್ಯಿಯ ಅನಿಸ್ ಸಿಕ್ರೆ ಬಿಡ್ಬೇಡಿ, ಬಟಾಣಿ ಕಾಳಿನಷ್ಟು ಬಿಳೀ ಗುಂಡು, ಒಳಗೆ ಒಂದೇ ಒಂದು ಅನಿಸ್ ಬೀಜ (ಸೋಂಪಿನ ಥರ ಘಮ ಇರೋದು), ಅದರ ಮೇಲೆ ಪಾಕದ ಪದರ ಪದರ ಹತ್ತಿಸೋಕೆ ಹದಿನೈದು ದಿನ ಹಿಡಿಯುತ್ತೆ. ದಯವಿಟ್ಟು ಕಚ್ಬೇಡಿ! ನಾಲಗೆ ಮೇಲಿಟ್ಟು ಸುಮ್ನಿರಿ, ಮೊದ್ಲು ಬರೀ ಸಿಹಿ, ಕೊನೆಗೆ ಬೀಜ ಹಲ್ಲಿಗೆ ಸಿಕ್ಕಾಗ ಘಮ್ ಅಂತ ಬರುತ್ತಲ್ಲ, ಕಚ್ಚಿದ್ರೆ ಅದು ಸಿಗೋದೇ ಇಲ್ಲ.

ಆಮೇಲೆ ಪಟ್ಟೆ ಪಟ್ಟೆ ಹಂಬಗ್, ಪುದೀನ ರುಚಿದು. ಬಿಸಿ ಪಾಕನ ಎಳೆದು ಮಡಚಿ ಮತ್ತೆ ಎಳೀತಾ ಹೋದ್ರೆ ಒಳಗೆ ಸಣ್ಣ ಗಾಳಿಗುಳ್ಳೆ ಸೇರಿ ರೇಷ್ಮೆ ಥರ ಹೊಳಪು ಬರುತ್ತೆ. 1858ರಲ್ಲಿ ಇಂಗ್ಲೆಂಡ್‌ನ ಬ್ರಾಡ್‌ಫರ್ಡ್‌ನಲ್ಲಿ ಇದೇ ಹಂಬಗ್‌ಗೆ ಕಲಬೆರಕೆ ಪುಡಿ ಅಂದ್ಕೊಂಡು ಆರ್ಸೆನಿಕ್ ಹಾಕಿ ಸುಮಾರು 20 ಜನ ಸತ್ರು, ಹಂಗಾಗಿ ರೆಸಿಪಿ ಹಳೇದಿರ್ಲಿ, ತಯಾರಿ ಮಾತ್ರ ಈಗಿನ ಕಾನೂನು ಪ್ರಕಾರನೇ ಇರ್ಬೇಕು ಅನ್ನೋದು ನನ್ನ ಖಂಡಿತ ಅಭಿಪ್ರಾಯ.

ಕಡೇಲಿ ಲಿಕರಿಸ್, ಅಂದ್ರೆ ನಮ್ಮ ಜ್ಯೇಷ್ಠಮಧು, ಅದಾದ್ಮೇಲೆ ಹೋರ್‌ಹೌಂಡ್ ಅನ್ನೋ ಕಹಿ ಗಿಡಮೂಲಿಕೆಯ ಕ್ಯಾಂಡಿ. ಇವೆರಡನ್ನ ಮೊದ್ಲೇ ತಿಂದ್ರೆ ಬೇರೆ ಯಾವ್ದೂ ರುಚಿಸಲ್ಲ. ಮಧ್ಯೆ ಮಧ್ಯೆ ಉಗುರುಬೆಚ್ಚಗಿನ ನೀರು ಕುಡೀರಿ. ಬಿಪಿ ಇರೋರು ಕಪ್ಪು ಲಿಕರಿಸ್ ದಿನಾ ತಿನ್ನೋದು ಬೇಡ, ಅದರಲ್ಲಿರೋ ಗ್ಲಿಸಿರೈಜಿನ್ ಪೊಟ್ಯಾಷಿಯಂ ಇಳಿಸಿ ಬಿಪಿ ಏರಿಸುತ್ತೆ.

ಉಳಿದಿದ್ದನ್ನ ಗಾಳಿ ಹೋಗ್ದಿರೋ ಡಬ್ಬೀಲಿಡಿ, ಫ್ರಿಜ್‌ನಲ್ಲಿ ಬೇಡ, ಹೊರಗೆ ತೆಗೆದ ತಕ್ಷಣ ಬೆವರಿ ಅಂಟಾಗುತ್ತೆ. ಪುದೀನದ್ದು ಮಾತ್ರ ಬೇರೆ ಡಬ್ಬಿ, ಇಲ್ಲಾಂದ್ರೆ ಎರಡೇ ದಿನಕ್ಕೆ ಎಲ್ಲಾ ಪುದೀನ ವಾಸ್ನೆನೇ.