ಸ್ಟ್ರಟ್ ಕಾರಿಗೆ ಹೈಡ್ರಾಲಿಕ್ ಸಸ್ಪೆನ್ಷನ್: ಜಪಾನಿನ ತಪಾಸಣೆಗೆ ಸಿದ್ಧತೆ

ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಟ್ಟಿಗೆ ಇರುವ, ಚಕ್ರದ ಬಳಿಯ ಕಂಬ) ಬರಿಯ ಸ್ಪ್ರಿಂಗನ್ನು ಹೊರುವ ಭಾಗವಲ್ಲ, ಚಕ್ರದ ಕೋನವನ್ನೂ ಅದೇ ಹಿಡಿದಿಡುತ್ತದೆ. ಆದ್ದರಿಂದ ಕಾಯಿಲ್ ಸ್ಪ್ರಿಂಗ್ ತೆಗೆದು ಕೂರಿಸುವ, ಎಣ್ಣೆಯ ಒತ್ತಡದಿಂದ ಕಾರನ್ನು ಎತ್ತಿಳಿಸುವ ಸಿಲಿಂಡರ್ ಸ್ಟ್ರಟ್‌ನ ನೇರಕ್ಕೇ ನಿಲ್ಲಬೇಕು, ಭಾರ ಬೀಳುವ ಮೇಲಿನ ಮೌಂಟ್ ಸುತ್ತಲಿನ ತಗಡನ್ನು ಬಲಪಡಿಸಬೇಕು. ಸಿಲಿಂಡರಿಗೆ ಎಣ್ಣೆ ಒಯ್ಯುವ ಹೋಸ್‌ಗಳ ವಿಷಯದಲ್ಲಂತೂ ಅವಸರ ಬೇಡವೇ ಬೇಡ: ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಕಾರನ್ನು ಪೂರ್ಣ ಮೇಲಕ್ಕೂ ಪೂರ್ಣ ಕೆಳಕ್ಕೂ ತಂದು, ಅವು ಟೈರಿಗೆ ಉಜ್ಜುವುದಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ಪಂಪು, ಬ್ಯಾಟರಿಗಳನ್ನು ಡಿಕ್ಕಿಯಲ್ಲಿ ಬೋಲ್ಟ್ ಹಾಕಿ ಬಿಗಿಯಿರಿ. ಓಡಿಸುವ ಎತ್ತರ ನಿಗದಿಯಾದ ಮೇಲೆಯೇ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಶಾಕೆನ್ ಎಂಬ ಜಪಾನಿನ ಕಡ್ಡಾಯ ವಾಹನ ತಪಾಸಣೆಯಲ್ಲಿ ಕಾರಿನ ತಳಕ್ಕೂ ನೆಲಕ್ಕೂ ಸಾಮಾನ್ಯವಾಗಿ ಕನಿಷ್ಠ 9 ಸೆಂಟಿಮೀಟರ್ ಅಂತರವಿರಬೇಕು. ರಚನಾ ಬದಲಾವಣೆಯ ದಾಖಲೆಗಳನ್ನು ಸಾರಿಗೆ ಶಾಖಾ ಕಚೇರಿಗೆ ಮೊದಲೇ ಸಲ್ಲಿಸಿ. ಈ ರಚನಾ ಬದಲಾವಣೆಯ ತಪಾಸಣೆಯಲ್ಲಿ ಪಾಸಾದಾಗ ಹಳೆಯ ಶಾಕೆನ್‌ನ ಉಳಿದ ಅವಧಿ ಕಳೆದುಹೋಗುವುದರಿಂದ, ಅದು ಮುಗಿಯುವ ಹೊತ್ತಿಗೇ ಈ ಕೆಲಸ ಹಮ್ಮಿಕೊಳ್ಳುವುದು ಲೇಸು.