ಹಳೇ ಸಾಮಾನಿನ ಅಂಗಡಿ ಹಾಕುವ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ

ಶಿವರಾತ್ರಿ ಕಳೀತು ಅಂದರೆ ಕಲಬುರಗಿಯಲ್ಲಿ ಹಳೇ ಕೂಲರ್‌ಗೆ ಗಿರಾಕಿ ಶುರು. ಡಿಸೆಂಬರಿನಲ್ಲಿ ಎರಡು ಸಾವಿರಕ್ಕೆ ಕೊಡ್ತೀನಿ ಅಂದರೂ ಯಾರೂ ತಿರುಗಿ ನೋಡದ ತಗಡಿನ ಕೂಲರ್, ಹುಲ್ಲು ಬದಲಿಸಿ, ಬಣ್ಣ ಹೊಡೆದು ನಿಲ್ಲಿಸಿದರೆ ಮಾರ್ಚ್‌ನಲ್ಲಿ ನಾಲ್ಕು ಸಾವಿರಕ್ಕೆ ಹೋಗುತ್ತದೆ. ಅದನ್ನು ನೋಡಿದವರು ಬಂದು ಕೇಳುತ್ತಾರೆ: "ಅಣ್ಣಾ, ನಾನೂ ಸೆಕೆಂಡ್ ಹ್ಯಾಂಡ್ ಅಂಗಡಿ ಹಾಕ್ಬೇಕಂತೀನಿ, ಲೈಸೆನ್ಸ್ ಗಿಸೆನ್ಸ್ ಏನೇನು ಬೇಕ್ರಿ?"

ಅವರಿಗೆ ನಾನು ಮೊದಲು ಕೇಳುವುದು: ಮಾರುವುದು ನಿಮ್ಮ ಮನೆಯದೇ ಸಾಮಾನಾ, ಇಲ್ಲಾ ಮಾರುವುದಕ್ಕಂತಲೇ ಕೊಂಡು ತಂದಿದ್ದಾ? ಟ್ರಾನ್ಸ್‌ಫರ್ ಆಗಿ ಊರು ಬಿಡುವಾಗ ಮಂಚ, ಫ್ರಿಜ್ ಅಂಗಳಕ್ಕೆ ತಂದಿಟ್ಟು ಎರಡು ದಿನ ಮಾರಿದರೆ ಅದು ವ್ಯಾಪಾರ ಅಲ್ಲ. ಲೈಸೆನ್ಸೂ ಬೇಡ, ಜಿಎಸ್‌ಟಿಯೂ ಬೇಡ. ಆದರೆ ಅದೇ ಅಂಗಳದಲ್ಲಿ ಪ್ರತಿ ತಿಂಗಳು ಬೇರೆ ಬೇರೆ ಮನೆಯ ಫ್ರಿಜ್ ಕಾಣಿಸಿಕೊಂಡರೆ ಅದು ಅಂಗಡಿಯೇ, ಬೋರ್ಡ್ ಇಲ್ಲ ಅಷ್ಟೇ.

ಅಂಗಡಿ ಅಂದ ಮೇಲೆ ಮಹಾನಗರ ಪಾಲಿಕೆಯಿಂದ ಉದ್ದಿಮೆ ಪರವಾನಗಿ ಬೇಕು. ಯಾದಗಿರಿಯಲ್ಲಾದರೆ ನಗರಸಭೆಗೆ ಹೋಗಿ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಶುರು ಮಾಡಿದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲೂ ನೋಂದಣಿ ಮಾಡಿಸಬೇಕು. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲಿ. ಆಮೇಲೆ ಮತ್ತೆ ಪೇಂಟರ್‌ಗೆ ರೊಕ್ಕ ಕೊಡೋದು ಯಾಕೆ?

ವರ್ಷದ ವಹಿವಾಟು 40 ಲಕ್ಷ ದಾಟದೇ ಇದ್ದರೆ, ಊರಿನಲ್ಲೇ ಕೂತು ಮಾರುವ ಅಂಗಡಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ದಾಟಿದರೂ ಗಾಬರಿ ಬೇಡ, ಹಳೇ ಸಾಮಾನಿಗೆ ಒಂದು ಅನುಕೂಲ ಇದೆ. ಎರಡು ಸಾವಿರಕ್ಕೆ ಕೊಂಡ ಕೂಲರ್ ನಾಲ್ಕು ಸಾವಿರಕ್ಕೆ ಮಾರಿದರೆ ತೆರಿಗೆ ನಡುವಿನ ಎರಡು ಸಾವಿರಕ್ಕೆ ಮಾತ್ರ. ಆ ಖರೀದಿಯ ಮೇಲೆ ನೀವು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತಗೊಂಡಿರಬಾರದು, ಅಷ್ಟೇ.

ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಬರುತ್ತದೆ, ಆಗ ಬೇರೆ ರಾಜ್ಯದವರೂ ಬರುತ್ತಾರೆ. ಸೊಲ್ಲಾಪುರದಿಂದಲೋ ಜಹೀರಾಬಾದಿನಿಂದಲೋ ವ್ಯಾಪಾರಕ್ಕೆ ಬರುವವರಿಗೆ 40 ಲಕ್ಷದ ಲೆಕ್ಕ ನಡೆಯುವುದಿಲ್ಲ. ಕನಿಷ್ಠ 5 ದಿನ ಮುಂಚೆ ಇಲ್ಲಿನ ತಾತ್ಕಾಲಿಕ ಜಿಎಸ್‌ಟಿ ನೋಂದಣಿ ಮಾಡಿಸಿ ತೆರಿಗೆ ಮುಂಗಡ ಕಟ್ಟಬೇಕು. ಅದು ಒಂದು ಸಲಕ್ಕೆ 90 ದಿನದವರೆಗೆ ನಡೆಯುತ್ತದೆ. ಯಾರೇ ಜಾಗದ ಬಾಡಿಗೆ ಅಂತ ರೊಕ್ಕ ಕೇಳಲಿ, ರಸೀದಿ ಇಲ್ಲದೆ ಕೊಡಬೇಡಿ.

ಬೈಕ್ ವ್ಯಾಪಾರಕ್ಕೆ ಸುಮ್ನೆ ಕೈ ಹಾಕಬೇಡಿ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಒದಿಂದ ಪ್ರತ್ಯೇಕ ಅನುಮತಿ ಪತ್ರ ತಗೊಳ್ಳಬೇಕು, ಅದಕ್ಕೆ ಅರ್ಜಿ ಫಾರ್ಮ್ 29ಎ. ನಿಮ್ಮದೇ ಒಂದು ಗಾಡಿ ಮಾರುವುದಾದರೆ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30 ಸಾಕು.

ಇನ್ನು ನೋಟ್‌ಬುಕ್. ನನಗೆ ಇದರ ಬೆಲೆ ಗೊತ್ತಾಗಿದ್ದು ಮೊದಲ ವರ್ಷದಲ್ಲೇ. ಒಬ್ಬ ಹುಡುಗ ಆಟೋದಲ್ಲಿ ವಾಷಿಂಗ್ ಮಷಿನ್ ತಂದ, "ಮನೆ ಖಾಲಿ ಮಾಡ್ಲಿಕ್ಕತ್ತೀವ್ರಿ" ಅಂದ, ನಾನು 3,500 ಎಣಿಸಿ ಕೊಟ್ಟೆ, ಹೆಸರು ಕೂಡ ಕೇಳಲಿಲ್ಲ. ಹದಿನೈದು ದಿನಕ್ಕೆ ಪೊಲೀಸರು ಮಷಿನ್‌ನ ನಿಜವಾದ ಮಾಲೀಕರನ್ನು ಕರಕೊಂಡೇ ಬಂದರು. ಮಷಿನ್ ಹೋಯಿತು, ರೊಕ್ಕ ಹೋಯಿತು, ಎರಡು ದಿನ ಸ್ಟೇಷನ್ ಬೆಂಚು ಕಾಯ್ದೆ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, ಅದನ್ನೇ ದಂಧೆ ಮಾಡಿಕೊಂಡವರಿಗೆ ಜೀವಾವಧಿಯವರೆಗೂ ಆಗಬಹುದು. ನನಗೆ ಗೊತ್ತಿರಲಿಲ್ಲ ನಿಜ, ಆದರೆ ಹಾಗಂತ ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲವಲ್ಲ.

ಹಾಗಾಗಿ ರಟ್ಟಿನ ಬೈಂಡಿನ ಉದ್ದ ನೋಟ್‌ಬುಕ್ ತಗೊಂಡು ಪುಟಕ್ಕೆಲ್ಲ ನಂಬರ್ ಹಾಕಿ. ತಾರೀಖು, ಮಾರಿದವರ ಹೆಸರು, ವಿಳಾಸ, ಫೋನ್, ಸಾಮಾನು, ಕಂಪನಿ, ಸೀರಿಯಲ್ ನಂಬರ್, ಕೊಟ್ಟ ರೊಕ್ಕ, ಸಹಿ. ಫ್ರಿಜ್‌ಗೆ ನಂಬರ್ ಸಾಮಾನ್ಯವಾಗಿ ಬಾಗಿಲು ತೆಗೆದರೆ ಒಳಗೋಡೆಯ ಸ್ಟಿಕರ್ ಮೇಲೆ ಇರುತ್ತದೆ. ಸ್ಟಿಕರ್ ಕೆರೆದು ತೆಗೆದಿದ್ದರೆ ಚೌಕಾಸಿಗೇ ಇಳಿಯಬೇಡಿ. ಗುರುತಿನ ಚೀಟಿಯ ಜೆರಾಕ್ಸ್ ಮೇಲೆ "ಈ ಫ್ರಿಜ್ ಮಾರಾಟಕ್ಕೆ ಮಾತ್ರ" ಅಂತ ಅವರ ಕೈಯಲ್ಲೇ ಬರೆಸಿ, ಕೊಡುವವರಿಗೂ ಧೈರ್ಯ. ರೊಕ್ಕ ಫೋನ್‌ಪೇ ಮಾಡಿ, ಹೆಸರು ತಾಳೆಯಾಗುತ್ತದಾ ನೋಡಿ.

ಮೊಬೈಲ್ ಆದರೆ *#06# ಒತ್ತಿಸಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ KYM ಅಂತ ಮೂರಕ್ಷರ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ ಸರ್ಕಾರದ 14422ಕ್ಕೆ ಮೆಸೇಜ್ ಕಳಿಸಿ. ಬ್ಲ್ಯಾಕ್‌ಲಿಸ್ಟ್ ಅಂತಲೋ ಡೂಪ್ಲಿಕೇಟ್ ಅಂತಲೋ ಬಂದರೆ ಫೋನ್ ವಾಪಸ್ ಕೊಟ್ಟುಬಿಡಿ.

ತಗಡಿನ ಕೂಲರ್‌ದೇ ತಲೆನೋವು. ಇಲ್ಲೇ ಊರಿನಲ್ಲಿ ಮಾಡಿದ್ದು, ನಂಬರೇ ಇರುವುದಿಲ್ಲ. ಅದಕ್ಕೆ ನಾನು ಮಾರುವವರನ್ನು ಕೂಲರ್ ಪಕ್ಕ ನಿಲ್ಲಿಸಿ ಒಂದು ಫೋಟೋ ಹೊಡೆಯುತ್ತೇನೆ. ಇದುವರೆಗೂ ಯಾರೂ ಬೇಡ ಅಂದಿಲ್ಲ, ಕೆಲವರು ಬಾಚಣಿಗೆ ತೆಗೆದು ಕೂದಲು ಸರಿ ಮಾಡಿಕೊಂಡೇ ನಿಲ್ಲುತ್ತಾರೆ.